ಮಕ್ಕಳ ಕೈಗೆ ಒಂದು ಜೀವವನ್ನು ಕೊಡುವ ಮುನ್ನ

ಮನೆಯ ಮಕ್ಕಳು ಹಿರಿಯರನ್ನು ಕಾಡಿ ಬೇಡಿ ಪಡೆಯುವ ವಸ್ತುಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನಮ್ಮ ಬಾಲ್ಯದಲ್ಲಿ ಅದು ಬುಗುರಿ, ಗೋಲಿ, ಜಾತ್ರೆಯ ಪೀಪಿಗಳೊಳಗೆ ಮುಗಿದುಹೋಗುತ್ತಿತ್ತು. ನಮ್ಮ ಮಕ್ಕಳ ಕಾಲಕ್ಕೆ ಸೈಕಲ್ಲು ಸೇರಿತು, ಮೊಮ್ಮಕ್ಕಳ ಕಾಲಕ್ಕೆ ಮೊಬೈಲು. ಈಗ ಅದೇ ಪಟ್ಟಿಯಲ್ಲಿ ಉಸಿರಾಡುವ ಜೀವಗಳ ಹೆಸರುಗಳೂ ಕಾಣಿಸಿಕೊಂಡಿವೆ. ಬಿಳಿ ಇಲಿ, ಹ್ಯಾಮ್‌ಸ್ಟರ್, ಜರ್ಬಿಲ್ ಎಂದು ಮಕ್ಕಳು ಹೇಳುವಾಗ ಅವರ ಮುಖದಲ್ಲಿ ಮೂಡುವ ಉತ್ಸಾಹವನ್ನು ಕಂಡವರಿಗೆ ಇಲ್ಲವೆನ್ನಲು ಮನಸ್ಸು ಬಾರದು. ಆದರೆ ಬುಗುರಿ ಮುರಿದರೆ ಬಿಸಾಡಬಹುದು, ಸೈಕಲ್ಲು ಕೆಟ್ಟರೆ ಮೂಲೆಗೆ ಒರಗಿಸಬಹುದು. ಜೀವವನ್ನು ಹಾಗೆ ಮಾಡಲಾಗದು. ಆದಕಾರಣ ಈ ವಿಷಯವನ್ನು ನಮ್ಮ ಕುಟುಂಬಗಳ ತಂದೆತಾಯಿಗಳ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕೆಂದು ನಮಗೆ ತೋರಿದೆ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ತಮ್ಮನ ಸಂಸಾರ ತೀರ್ಥಹಳ್ಳಿಯಲ್ಲಿ. ಅಳಿಯಂದಿರು ಬ್ಯಾಂಕಿನ ನೌಕರರಾದ್ದರಿಂದ ದಾವಣಗೆರೆಯಲ್ಲಿದ್ದ ಮಗಳ ಸಂಸಾರ ಒಂದು ಜೂನ್ ತಿಂಗಳಲ್ಲಿ ವರ್ಗವಾಗಿ ಸಾಗರಕ್ಕೆ ಬಂದಿತು. ತಮ್ಮನ ಮನೆಯಲ್ಲಿಯೂ ಮಗಳ ಮನೆಯಲ್ಲಿಯೂ ಮಕ್ಕಳಿಗೆಂದು ಜರ್ಬಿಲ್‌ಗಳನ್ನು ತಂದು ಸಾಕಿದ್ದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಕಂಡದ್ದನ್ನೂ, ಆ ಬಗ್ಗೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇವೆ.

ಜರ್ಬಿಲ್ ಎಂಬುದು ಇಲಿಯ ಬಳಗಕ್ಕೆ ಸೇರಿದ ಪ್ರಾಣಿ. ಕಂದು ಮೈ, ದೊಡ್ಡ ಕಪ್ಪು ಕಣ್ಣು, ಮೈಯಷ್ಟೇ ಉದ್ದವಾಗಿ ರೋಮದಿಂದ ತುಂಬಿ ತುದಿಯಲ್ಲಿ ಕುಚ್ಚಿರುವ ಬಾಲ. ಬೆಳೆದ ಪ್ರಾಣಿಯ ತೂಕ ಸುಮಾರು 60ರಿಂದ 100 ಗ್ರಾಂ. ಅಂಗಡಿಗಳಲ್ಲಿ ಸಿಗುವುದು ಮಂಗೋಲಿಯಾ ಮತ್ತು ಅದಕ್ಕೆ ಹೊಂದಿದ ಉತ್ತರ ಚೀನದ ಒಣ ಹುಲ್ಲುಗಾವಲುಗಳ ಜಾತಿ. 1866ರಲ್ಲಿ ಅರ್ಮಾಂಡ್ ದಾವಿದ್ ಎಂಬ ಫ್ರೆಂಚ್ ಪಾದ್ರಿ ಇದರ ಮಾದರಿಗಳನ್ನು ಚೀನದಿಂದ ಪ್ಯಾರಿಸ್ಸಿಗೆ ಕಳುಹಿಸಿದರು. ಮರುವರ್ಷ ಮಿಲ್ನೆ ಎಡ್ವರ್ಡ್ಸ್ ಎಂಬ ವಿಜ್ಞಾನಿ ಅದಕ್ಕೆ ಶಾಸ್ತ್ರೀಯ ನಾಮವನ್ನಿತ್ತರು. 1935ರಲ್ಲಿ ಅಮುರ್ ನದಿಯ ಕೊಳ್ಳದಲ್ಲಿ ಹಿಡಿದ 20 ಜೊತೆಗಳನ್ನು ಸಂಶೋಧನೆಗಾಗಿ ಜಪಾನಿಗೆ ಒಯ್ದರು. ಅವುಗಳ ಸಂತತಿಯಲ್ಲಿ 11 ಜೊತೆಗಳು 1954ರಲ್ಲಿ ಅಮೆರಿಕ ಸೇರಿದವು. ಪ್ರಯೋಗಶಾಲೆಯಲ್ಲಿ ಇವುಗಳ ಸೌಮ್ಯತೆಯನ್ನು ಕಂಡವರು ಮನೆಗೂ ಒಯ್ದರು. ಇಂದು ಲೋಕದ ನಾನಾ ಕಡೆ ಮಕ್ಕಳ ಅಂಗೈ ಮೇಲೆ ಕೂರುವ ಜರ್ಬಿಲ್‌ಗಳಲ್ಲಿ ಬಹುಪಾಲು ಆ ಕೆಲವೇ ಜೊತೆಗಳ ವಂಶದವು. ಇಷ್ಟು ಹೇಳಿದ್ದು ಒಂದು ಕಾರಣಕ್ಕೆ: ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಈ ಪುಟ್ಟ ಜೀವಕ್ಕೂ ಒಂದು ತವರಿದೆ. ಆ ತವರನ್ನು ಮರೆತರೆ ಅದರ ಪಾಲನೆ ಕೆಡುತ್ತದೆ.

ಮಕ್ಕಳ ಮೊದಲ ಸಂಗಾತಿಯಾಗಿ ಇದಕ್ಕೆ ಗುಣಗಳಿಲ್ಲವೆಂದು ನಾವು ಹೇಳುವುದಿಲ್ಲ. ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗಿ ರಾತ್ರಿ ಏಳುವ ಪ್ರಾಣಿ; ಶಾಲೆಯಿಂದ ಬಂದ ಮಗು ಅದನ್ನು ಎಬ್ಬಿಸಿದರೆ ಸಿಡುಕಿ ಕಚ್ಚುವುದುಂಟು. ಜರ್ಬಿಲ್ ಹಗಲಿನಲ್ಲಿಯೂ ಆಗಾಗ್ಗೆ ಎದ್ದು ತೋಡುತ್ತದೆ, ಓಡುತ್ತದೆ, ಹಿಂಗಾಲ ಮೇಲೆ ನಿಂತು ಸುತ್ತ ನೋಡುತ್ತದೆ. ಮೃದುವಾಗಿ ಹಿಡಿದರೆ ಕಚ್ಚುವುದು ಅಪರೂಪ. ಒಣ ನಾಡಿನ ಜೀವಿಯಾದ ಕಾರಣ ನೀರನ್ನು ಮಿತವಾಗಿ ಬಳಸಿ ಅತ್ಯಲ್ಪ ಮೂತ್ರ ಮಾಡುತ್ತದೆ. ಆದುದರಿಂದ ದುರ್ಗಂಧವೂ ಕಡಿಮೆ. ಅಪಾಯ ಕಂಡರೆ ಹಿಂಗಾಲುಗಳಿಂದ ನೆಲವನ್ನು ಡಬಡಬನೆ ಬಡಿದು ಜೊತೆಗಾರನನ್ನು ಎಚ್ಚರಿಸುತ್ತದೆ. ಇದನ್ನೆಲ್ಲ ಮಗು ಕುಳಿತು ನೋಡುವುದರಲ್ಲಿ ಒಂದು ವಿದ್ಯೆಯಿದೆ. ಆಯುಷ್ಯ ಮೂರು ನಾಲ್ಕು ವರ್ಷ.

ತೀರ್ಥಹಳ್ಳಿಯಲ್ಲಿ ನಡೆದದ್ದು ಹೀಗೆ. ತಮ್ಮನ ಮೊಮ್ಮಗನ ಹುಟ್ಟುಹಬ್ಬಕ್ಕೆಂದು ದೂರದ ಊರಿನ ಅಂಗಡಿಯಿಂದ ಎರಡು ಜರ್ಬಿಲ್ ತಂದರು. ಎರಡೂ ಗಂಡು, ಅಣ್ಣತಮ್ಮಂದಿರು ಎಂದು ಅಂಗಡಿಯವನು ಹೇಳಿದ್ದನಂತೆ. ಒಂದು ತಿಂಗಳು ಕಳೆಯುವುದರೊಳಗೆ ಅಣ್ಣತಮ್ಮಂದಿರಲ್ಲಿ ಒಬ್ಬರು ಐದು ಮರಿ ಹಾಕಿದರು! ಇವುಗಳ ಗರ್ಭಾವಧಿ ಸುಮಾರು 25 ದಿನ. ಹೆತ್ತ ಬೆನ್ನಿಗೇ ಮತ್ತೆ ಗರ್ಭ ಧರಿಸಬಲ್ಲವು. ಎರಡನೆಯ ಸೂಲಿಗೆ ಮನೆಯಲ್ಲಿ ಒಟ್ಟು ಹನ್ನೆರಡಾದವು. ಹುಡುಗನಿಗೆ ಹಬ್ಬ, ಅವನ ತಾಯಿಗೆ ದಿಗಿಲು. ನೆಂಟರಿಷ್ಟರಿಗೆ ಹಂಚೋಣವೆಂದರೆ ಬಾಳೆಗೊನೆಯಂತೆ ಹಂಚುವ ವಸ್ತುವೇ ಅದು? ಗಂಡು ಹೆಣ್ಣುಗಳನ್ನು ತಿಳಿದವರಿಂದ ಬೇರ್ಪಡಿಸಿ, ಒಪ್ಪಿ ಸಾಕುವವರನ್ನು ಹುಡುಕಿ ಕೊಡುವುದರಲ್ಲಿ ಆ ತಾಯಿಗೆ ಆರು ತಿಂಗಳೇ ಹಿಡಿಯಿತು. ಆ ಆರು ತಿಂಗಳೂ ಪೆಟ್ಟಿಗೆ ಶುಚಿ ಮಾಡಿದವಳು ಅವಳೇ. ಹುಡುಗ ಎರಡನೆಯ ತಿಂಗಳಿಗೇ ಕ್ರಿಕೆಟ್ಟಿಗೆ ಮರಳಿದ್ದ.

ಇದಕ್ಕೆ ನಾವು ಆ ಹುಡುಗನನ್ನು ದೂರುವುದಿಲ್ಲ. ಮಕ್ಕಳಿಗೆ ಜವಾಬ್ದಾರಿ ಕಲಿಸುವುದಕ್ಕಾಗಿಯೇ ಪ್ರಾಣಿ ತಂದೆವು ಎಂದು ಅನೇಕ ತಂದೆತಾಯಿಗಳು ಹೇಳುತ್ತಾರೆ. ಮಾತೇನೋ ಚೆನ್ನಾಗಿದೆ. ಆದರೆ ಮಗು ಪಾಠ ಕಲಿಯುವವರೆಗೆ ಪ್ರಾಣಿ ಹಸಿದಿರಬೇಕೆ? ಮಗು ಒಂದು ದಿನ ನೀರಿಡಲು ಮರೆತರೆ ಆ ಮರೆವಿನ ಶಿಕ್ಷೆ ಬೀಳುವುದು ಮಗುವಿನ ಮೇಲಲ್ಲ.

ನಾವು ಹತ್ತು ವರ್ಷದವರಿದ್ದಾಗ ಮಠವೊಂದರ ಪಾಠಶಾಲೆಗೆ ಸೇರಿದವರು. ಅಲ್ಲಿ ಕೊಟ್ಟಿಗೆಯ ಕೆಲಸಕ್ಕೆ ವಿದ್ಯಾರ್ಥಿಗಳಿಗೆ ಸರದಿಯಿತ್ತು. ದನಗಳಿಗೆ ಹುಲ್ಲು ನೀರುಗಳಾದ ತರುವಾಯವೇ ನಮ್ಮ ಪ್ರಸಾದ. ಕೊಟ್ಟಿಗೆಯ ಉಸ್ತುವಾರಿಯ ಹಿರಿಯರೊಬ್ಬರು ಪ್ರತಿದಿನವೂ ನಮ್ಮ ಹಿಂದೆಯೇ ಬಂದು ಪ್ರತಿಯೊಂದು ಬಾನಿಯೊಳಗೂ ಕೈಯಾಡಿಸಿ ನೋಡುತ್ತಿದ್ದರು. ಸರದಿಯ ಹುಡುಗನಿಗೆ ಜ್ವರ ಬಂದ ದಿನ ಮತ್ತೊಬ್ಬನನ್ನು ಕೂಗುತ್ತ ನಿಲ್ಲದೆ ತಾವೇ ಬಿಂದಿಗೆ ಎತ್ತುತ್ತಿದ್ದರು. ಸರದಿ ತಪ್ಪಿಸಿಕೊಂಡವನಿಗೆ ಬುದ್ಧಿ ಹೇಳುವುದು ಸಂಜೆಗೆ. ದನಕ್ಕೆ ನೀರು ಕೂಡಲೇ. ಈ ಕ್ರಮವನ್ನು ನಾವು ಅಲ್ಲಿ ಕಲಿತೆವು. ಕಲಿಯುವವನು ಹುಡುಗ, ಹೊಣೆ ಹಿರಿಯನದು. ಹಸುವಿಗೆ ಸಲ್ಲುವ ಈ ನಿಯಮ 60 ಗ್ರಾಂ ತೂಕದ ಜೀವಕ್ಕೂ ಸಲ್ಲತಕ್ಕದ್ದೇ. ಕಾಯಕವೆಂಬ ಮಾತನ್ನು ವೇದಿಕೆಯ ಮೇಲಿಂದ ಕೇಳಿದ್ದಕ್ಕಿಂತ, ತಂದೆ ತಾಯಿ ಬೆಳಗಿನ ಜಾವ ಎದ್ದು ಮೂಕಪ್ರಾಣಿಯ ನೀರಿನ ಬುಟ್ಟಲನ್ನು ತೊಳೆಯುವುದನ್ನು ಕಂಡ ಮಗುವಿನಲ್ಲಿ ಅದು ಆಳವಾಗಿ ಇಳಿಯುತ್ತದೆ.

ಪ್ರಾಣಿಪಾಲನೆ ಅಲ್ಪವಿಷಯವೆಂದು ನಮ್ಮ ಹಿರಿಯರು ಬಗೆದವರಲ್ಲ. ಸಾಗರಕ್ಕೆ ಸಮೀಪದ ಕೆಳದಿಯಿಂದ ಹೆಸರು ಪಡೆದ ಅರಸುಮನೆತನದ ಬಸವಪ್ಪನಾಯಕನು 1709ರಲ್ಲಿ ಪೂರೈಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಧರ್ಮ, ರಾಜನೀತಿ, ಪಾಕಶಾಸ್ತ್ರಗಳ ಜೊತೆಗೆ ಆನೆ ಕುದುರೆಗಳ ವಿಚಾರಕ್ಕೂ ಸ್ಥಾನವಿದೆ. ಆನೆಯಿರಲಿ, ಇಲಿಯಿರಲಿ, ಸಾಕುವುದೆಂದರೆ ತಿಳಿದು ಸಾಕುವುದು.

ಹಾಗಾದರೆ ಜರ್ಬಿಲ್ ಸಾಕುವವರು ತಿಳಿದಿರಬೇಕಾದದ್ದೇನು? ಮೊದಲನೆಯದಾಗಿ, ಅದು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಒಡಹುಟ್ಟಿದ, ಒಂದೇ ಲಿಂಗದ ಎರಡನ್ನು ಒಟ್ಟಿಗೆ ಸಾಕಬೇಕು. ಲಿಂಗವನ್ನು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಪರಿಚಯವಿಲ್ಲದ ಎರಡನ್ನು ಏಕಾಏಕಿ ಕೂಡಿಹಾಕಿದರೆ ಸಾಯುವವರೆಗೂ ಕಾದಾಡಬಲ್ಲವು. ಎರಡನೆಯದಾಗಿ, ತೋಡುವುದು ಅದರ ಹುಟ್ಟುಗುಣ. ತಂತಿಯ ಪಂಜರ ಅದಕ್ಕೆ ಸಲ್ಲದು. ಮೂರಡಿ ಉದ್ದದ ಗಾಜಿನ ತೊಟ್ಟಿ, ಮೇಲೆ ತಂತಿಬಲೆಯ ಮುಚ್ಚಳ, ಒಳಗೆ ಹತ್ತು ಅಂಗುಲದಷ್ಟಾದರೂ ದಪ್ಪನಾಗಿ ಒಣಹುಲ್ಲು ಮತ್ತು ಮಸಿ ಹತ್ತದ ಕಾಗದದ ಚೂರು ಇರಬೇಕು. ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಕಡಿಯಲು ವಿಷವಿಲ್ಲದ ಮರದ ತುಂಡು ಬೇಕು. ಪ್ಲಾಸ್ಟಿಕ್ಕನ್ನು ಅದು ಕಡಿದು ಹಾಕುತ್ತದೆ. ಆಹಾರ ದಿನಕ್ಕೆ ಒಂದೆರಡು ಚಮಚ: ಜೋಳ, ಸಜ್ಜೆ, ನವಣೆ, ಗೋಧಿ ಮೊದಲಾದ ಧಾನ್ಯಗಳ ಮಿಶ್ರಣ, ಆಗೊಮ್ಮೆ ಈಗೊಮ್ಮೆ ಕ್ಯಾರೆಟ್ಟಿನ ಚೂರು. ಸೂರ್ಯಕಾಂತಿ ಬೀಜವನ್ನು ಅದು ಆಸೆಪಟ್ಟು ತಿನ್ನುತ್ತದೆಂದು ಅದನ್ನೇ ಕೊಡಬಾರದು, ಕೊಬ್ಬು ಹೆಚ್ಚುತ್ತದೆ. ಮೈ ಶುಚಿಗೆ ನೀರಿನ ಸ್ನಾನ ಕೂಡದು, ಒಣ ಮರಳಿನ ತಟ್ಟೆಯಿಟ್ಟರೆ ಸಾಕು. ಮತ್ತೊಂದು ಮುಖ್ಯ ವಿಷಯ: ಬಾಲ ಹಿಡಿದು ಎತ್ತಲೇಬಾರದು. ಬಾಲದ ಚರ್ಮ ಕಳಚಿಬಂದು, ಒಳಗಿನ ಮೂಳೆ ಒಣಗಿ ಬಿದ್ದುಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಎರಡೂ ಕೈಗಳನ್ನು ಬೊಗಸೆ ಮಾಡಿ, ಮಗುವನ್ನು ನೆಲದ ಮೇಲೆ ಕೂರಿಸಿ ಹಿಡಿಯಲು ಕಲಿಸಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಲಿ ಜಾತಿಯ ಪ್ರಾಣಿಗಳನ್ನು ಕೊಡಬಾರದೆಂಬುದು ವೈದ್ಯರ ಸಲಹೆ. ದೊಡ್ಡ ಮಕ್ಕಳೂ ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯತಕ್ಕದ್ದು.

ಇಷ್ಟನ್ನೆಲ್ಲ ನಮ್ಮ ಮಗಳು ದಾವಣಗೆರೆಯಲ್ಲಿ ಚಾಚೂ ತಪ್ಪದೆ ನಡೆಸಿದ್ದಳು. ಮೊಮ್ಮಗಳಿಗೆ ಆಗ ಎಂಟು ವರ್ಷ. ಎರಡು ಹೆಣ್ಣು ಜರ್ಬಿಲ್‌ಗಳು ಒಂದು ವರ್ಷ ಸುಖವಾಗಿ ಬೆಳೆದವು. ಸಂಸಾರ ಸಾಗರಕ್ಕೆ ಬಂದಾಗ ಅವೂ ಬಂದವು. ಇಲ್ಲಿಂದ ಮುಂದಿನ ಕಥೆ ಮಲೆನಾಡಿನವರೆಲ್ಲ ಊಹಿಸಬಹುದಾದದ್ದೇ.

ಮಂಗೋಲಿಯಾದ ಬಹುಭಾಗದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 300 ಮಿಲಿಮೀಟರಿಗೂ ಕಡಿಮೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ಮಿಲಿಮೀಟರನ್ನು ಮೀರುತ್ತದೆ. ನಮ್ಮ ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದರೊಡನೆ ಪೈಪೋಟಿಗೆ ನಿಂತಿದೆ. ಸಾಗರದ ಪೇಟೆಯಲ್ಲಿ ಅಷ್ಟು ಸುರಿಯದಿದ್ದರೂ ಆರಿದ್ರೆಯಿಂದ ಆಶ್ಲೇಷೆಯವರೆಗೆ ಗೋಡೆ ಬೆವರುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ, ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ. ಗಾಳಿಯ ತೇವಾಂಶ ಶೇಕಡಾ 50ನ್ನು ಮೀರಿದರೆ ಜರ್ಬಿಲ್‌ಗೆ ಸಲ್ಲದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಶೇಕಡಾ 90ರ ಆಚೆಗೇ ಇರುತ್ತದೆ.

ಪುನರ್ವಸು ಮಳೆ ಹಿಡಿಯಿತು. ನಾವು ಸಾಗರಕ್ಕೆ ಹೋದಾಗ ಆ ಎರಡು ಜೀವಗಳ ರೋಮ ಎಣ್ಣೆ ಸವರಿದಂತೆ ಜಡೆಗಟ್ಟಿತ್ತು. ಮೂಗಿನ ಸುತ್ತ ಕೆಂಪಾಗಿ ಹುಣ್ಣಾಗಿತ್ತು. ತೋಡುವುದೇ ಬಾಳಾಗಿದ್ದ ಪ್ರಾಣಿಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು. ಹಾಸಿದ ಹುಲ್ಲು ಎರಡು ದಿನಕ್ಕೇ ಬೂಷ್ಟು ಹಿಡಿಯುತ್ತಿತ್ತು. ಬಲ್ಬು ಉರಿಸಿ ಕೋಣೆಯನ್ನು ಒಣಗಿಸೋಣವೆಂದರೆ ಗಾಳಿಮಳೆಗೆ ಕಂಬ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಬಚ್ಚಲೊಲೆಯ ಪಕ್ಕ ಇಟ್ಟರೆ ಹೊಗೆ. ಶಿವಮೊಗ್ಗದ ಪಶುವೈದ್ಯರೊಬ್ಬರಿಗೆ ತೋರಿಸಿದರು. ಅವರು ಮುಲಾಮು ಕೊಟ್ಟು, “ಔಷಧಿಯಿಂದ ಹುಣ್ಣು ಮಾಯಬಹುದು, ಮಳೆ ಮಾಯುವುದಿಲ್ಲವಲ್ಲ!” ಎಂದರು.

ಆ ವಾರದ ಕೊನೆಗೆ ಎಲ್ಲರೂ ನಮ್ಮ ಮನೆಯಲ್ಲಿ ಕೂಡಿದರು. ದಾವಣಗೆರೆಯಲ್ಲಿ ಅಳಿಯಂದಿರ ಅಕ್ಕನ ಮನೆಯಿದೆ. ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಾತ್ರ. ಅಲ್ಲಿಗೆ ಕಳುಹಿಸುವುದೇ ಸರಿಯೆಂದು ಹಿರಿಯರೆಲ್ಲ ಒಪ್ಪಿದರು. ಆದರೆ ಮಗುವಿಗೆ ಹೇಳುವುದು ಹೇಗೆ? ಅವಳು ಮಲಗಿದ ಮೇಲೆ ಕಾರಿನಲ್ಲಿ ಸಾಗಿಸಿ, ಮುಚ್ಚಳ ತೆಗೆದಿತ್ತು, ತಪ್ಪಿಸಿಕೊಂಡು ಹೋದವು ಎಂದುಬಿಡೋಣ ಎಂದು ಒಬ್ಬರೆಂದರು. ಅವರ ಉದ್ದೇಶ ಮಗುವಿನ ಅಳುವನ್ನು ತಪ್ಪಿಸುವುದೇ ಆಗಿದ್ದರೂ ನಾವು ಇದಕ್ಕೆ ಒಪ್ಪಲಿಲ್ಲ. ಒಂದು ವರ್ಷ ಪ್ರತಿದಿನ ಕಾಳು ಹಾಕಿದವಳು ಅವಳು. ಅವಳ ಕಾಯಕಕ್ಕೆ ಸುಳ್ಳನ್ನು ಕೂಲಿಯಾಗಿ ಕೊಡಲಾದೀತೆ? ತಪ್ಪಿಸಿಕೊಂಡವೆಂದು ನಂಬಿದ ಮಗು ಮಳೆಯಲ್ಲಿ ಅವುಗಳನ್ನು ಹುಡುಕುತ್ತ ಎಷ್ಟು ದಿನ ಕೊರಗಬೇಕು?

ಮರುದಿನ ಬೆಳಿಗ್ಗೆ ಮಗಳೇ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಇದ್ದುದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಅಳಲಿಲ್ಲ, ಮಾತೂ ಆಡಲಿಲ್ಲ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ನಾವು ಪೂಜೆ ಮುಗಿಸಿ ಹೊರಬಂದಾಗ ಹತ್ತಿರ ಬಂದು, “ಅಜ್ಜ, ನಾನು ಜಾಸ್ತಿ ಪ್ರೀತಿ ಮಾಡಿದ್ರೂ ಅವಕ್ಕೆ ಇಲ್ಲಿ ವಾಸಿ ಆಗಲ್ವಾ?” ಎಂದು ಕೇಳಿದಳು. ನಾವು, “ಇಲ್ಲ ಪುಟ್ಟಿ. ಮೀನನ್ನು ಎಷ್ಟು ಪ್ರೀತಿಸಿದರೂ ದಂಡೆಯ ಮೇಲೆ ಇಟ್ಟುಕೊಳ್ಳಲಾಗುವುದಿಲ್ಲ” ಎಂದೆವು. ಅವಳು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು. ರಾತ್ರಿ ತನ್ನ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯುತ್ತ ಕುಳಿತಿದ್ದಳು: ಯಾವ ಕಾಳು ಎಷ್ಟು ಹಾಕಬೇಕು, ದೊಡ್ಡದಕ್ಕೆ ಕತ್ತಿನ ಹಿಂದೆ ತುರಿಸಿದರೆ ಇಷ್ಟ, ಸಣ್ಣದು ಸದ್ದಿಗೆ ಹೆದರುತ್ತದೆ, ಮಿಕ್ಸಿ ಹಾಕುವ ಮುಂಚೆ ಬಾಗಿಲು ಮುಚ್ಚಬೇಕು. ಅತ್ತೆಗೆ ಕೊಡಲು ಎಂದಳು. ಆ ಹಾಳೆಯೊಡನೆ ಅವು ದಾವಣಗೆರೆಗೆ ಹೋದವು. ಹದಿನೈದು ದಿನಗಳಲ್ಲಿ ರೋಮ ಒಣಗಿ ಮತ್ತೆ ತೋಡತೊಡಗಿದವೆಂದು ಸುದ್ದಿ ಬಂದಿತು.

ಪ್ರಾಣಿ ಸಾಕಿದ್ದರಿಂದ ಮಗು ಏನು ಕಲಿಯಿತು ಎಂದು ಕೇಳುವವರಿಗೆ ನಾವು ಈ ಪ್ರಸಂಗವನ್ನೇ ಹೇಳುತ್ತೇವೆ. ಜೀವವೊಂದು ನಮ್ಮ ಸಂತೋಷಕ್ಕಾಗಿ ಹುಟ್ಟಿದ್ದಲ್ಲ, ಅದಕ್ಕೆ ತನ್ನದೇ ಆದ ಲೇಸು ಇದೆ ಎಂಬ ಅರಿವು ಅವಳಿಗೆ ಒಂಬತ್ತನೆಯ ವಯಸ್ಸಿಗೇ ಬಂದಿತು. ನಮ್ಮಲ್ಲಿ ಅನೇಕರಿಗೆ ಅರವತ್ತಾದರೂ ಬರುವುದು ಕಷ್ಟ.

ಹಾಗಾದರೆ ಮಲೆನಾಡಿನ ಮಕ್ಕಳು ಏನನ್ನೂ ಸಾಕಬಾರದೆ? ಧಾರಾಳವಾಗಿ ಸಾಕಬೇಕು, ಈ ನೆಲ ಒಪ್ಪಿದ್ದನ್ನು ಸಾಕಬೇಕು. ಮಲೆನಾಡು ಗಿಡ್ಡ ತಳಿಯನ್ನೇ ನೋಡಿ. ಕುಳ್ಳ ಮೈ, ಗಟ್ಟಿ ಗೊರಸು. ಜಡಿಮಳೆಯಲ್ಲಿ ಗುಡ್ಡ ಹತ್ತಿ ಇಳಿದು ಮೇದು ಬರುತ್ತದೆ. ಹಾಲು ಕಡಿಮೆಯಾದರೂ ಈ ತೇವಕ್ಕೂ ಈ ಹುಲ್ಲಿಗೂ ತಲೆತಲಾಂತರದಿಂದ ಹೊಂದಿಕೊಂಡ ದೇಹ ಅದು. ಕೊಟ್ಟಿಗೆಯಿರುವ ಮನೆಯ ಮಗುವಿಗೆ ಗಿಡ್ಡದ ಕರುವಿಗಿಂತ ಒಳ್ಳೆಯ ಮೊದಲ ಸಂಗಾತಿ ಬೇರೆ ಬೇಕೆ? ಕೊಟ್ಟಿಗೆಯಿಲ್ಲದ ಪೇಟೆಯ ಮನೆಗಳಿಗೆ ಊರ ನಾಯಿಮರಿಯಿದೆ, ಬೆಕ್ಕಿನ ಮರಿಯಿದೆ. ನಾಯಿಮರಿಗೆ ಹುಚ್ಚುರೋಗದ ಚುಚ್ಚುಮದ್ದು ಹಾಕಿಸುವುದನ್ನು ಮಾತ್ರ ಮರೆಯಬಾರದು. ಮನೆಯಲ್ಲಿ ಬೆಕ್ಕಿದ್ದರೆ ಜರ್ಬಿಲ್‌ನ ವಿಚಾರವನ್ನೇ ಬಿಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲಿಯ ಹೆಸರೆತ್ತಿದೊಡನೆ ನಮ್ಮ ತಾಯಂದಿರಿಗೆ ರೋಗದ ಭಯ ಬರುವುದು ಸಹಜ. ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಶುಚಿಯಾದ ಕಡೆ ಹುಟ್ಟಿ ಪೆಟ್ಟಿಗೆಯೊಳಗೆ ಬೆಳೆದ ಪ್ರಾಣಿಯಿಂದ ಅಪಾಯ ಕಡಿಮೆ. ಆದರೆ ಮನೆಯ ಅಟ್ಟದ ಇಲಿ, ಗದ್ದೆಯ ಇಲಿಗಳ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಮಳೆಗಾಲದ ಕೆಸರು ನೀರಿನಲ್ಲಿ ಬರಿಗಾಲಲ್ಲಿ ನಡೆಯುವವರಿಗೆ, ಕಾಲಲ್ಲಿ ಗಾಯವಿರುವವರಿಗೆ ಇದರ ಭಯ ಹೆಚ್ಚು. ಪೆಟ್ಟಿಗೆಯ ಕಾಳಿನ ವಾಸನೆಗೆ ಅಟ್ಟದ ಇಲಿ ಇಳಿದುಬಂದರೆ ಸಾಕಿದ ಪ್ರಾಣಿಗೂ ಸೋಂಕು ತಗಲಬಹುದು; ಇಲಿಯ ಹಿಂದೆ ಹಾವೂ ಬರಬಹುದು. ಕಾಳನ್ನು ಬಿಗಿಯಾದ ಡಬ್ಬಿಯಲ್ಲಿಡಬೇಕು, ಚೆಲ್ಲಿದ್ದನ್ನು ಅಂದಂದೇ ಗುಡಿಸಬೇಕು.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳನ್ನು ಕಾಡಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ನಾವು ಮರೆತಿಲ್ಲ. ಇದನ್ನು ಮನುಷ್ಯನಿಗೆ ಹರಡುವುದು ಕಾಡಿನ ಉಣುಗು. ಮಂಗ, ಮುಸಿಯಗಳಷ್ಟೇ ಅಲ್ಲದೆ ಕಾಡಿನ ಇಲಿ, ಸುಂಡಿಲಿ, ಅಳಿಲುಗಳ ಮೈಮೇಲೂ ಉಣುಗು ಬದುಕುತ್ತದೆ. ಆ ಸಣ್ಣ ಪ್ರಾಣಿಗಳಲ್ಲಿಯೂ ವೈರಾಣು ಇರಬಲ್ಲದು. ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಅಪಾಯ ಹೆಚ್ಚು. ಆದಕಾರಣ ದರಕು ತರಲು ಹೋದಾಗ ಸಿಕ್ಕಿತೆಂದು ಕಾಡಿನ ಮರಿಯೊಂದನ್ನು ಮಕ್ಕಳಿಗೆ ತಂದುಕೊಡುವುದು ಎಳ್ಳಷ್ಟೂ ಸಲ್ಲದು. ಪೆಟ್ಟಿಗೆಗೆ ಹಾಸಲು ಬೆಟ್ಟದ ಒಣ ಎಲೆಯನ್ನೂ ತರಬಾರದು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಜರ್ಬಿಲ್‌ನ ದಾಯಾದಿಯಾದ ಒಂದು ಕಾಡು ಜಾತಿ ಬಿಲ ತೋಡಿ ಬಾಳುತ್ತದೆ. ಪ್ಲೇಗಿನ ಚರಿತ್ರೆಯಲ್ಲಿ ಅದರ ಹೆಸರಿದೆ. ಅದನ್ನೂ ಹಿಡಿದು ತರಬಾರದು.

ಕಾಡಿನ ಜೀವಿಗಳ ವಿಷಯದಲ್ಲಿ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ ಮೊದಲಾದವನ್ನು ಮನೆಯಲ್ಲಿ ಸಾಕುವುದು ಅಪರಾಧ. ಸಾಕುಪ್ರಾಣಿ ಮಾರುವ ಅಂಗಡಿಗಳು ನೋಂದಣಿ ಮಾಡಿಸಬೇಕೆಂದು 2018ರ ನಿಯಮಗಳು ವಿಧಿಸಿವೆ. ಕೊಳ್ಳುವವರು ನೋಂದಣಿಯನ್ನು ವಿಚಾರಿಸಿ, ರಸೀದಿ ಕೇಳಿ ಪಡೆಯಬೇಕು. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಚಿಕಿತ್ಸೆಯೇ ಪ್ರಧಾನ. ಇಂತಹ ಚಿಕ್ಕ ಪ್ರಾಣಿಯನ್ನು ತರುವ ಮೊದಲೇ ಅದನ್ನು ನೋಡಬಲ್ಲ ವೈದ್ಯರು ಶಿವಮೊಗ್ಗದಲ್ಲಿ ಯಾರಿದ್ದಾರೆಂದು ತಿಳಿದಿರುವುದು ಲೇಸು. ಅಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಕೊನೆಯದಾಗಿ, ಎಲ್ಲರೂ ಹೇಳಲು ಹಿಂಜರಿಯುವ ಮಾತು. ಮೂರು ನಾಲ್ಕು ವರ್ಷ ಬಾಳುವ ಪ್ರಾಣಿಯನ್ನು ಎಂಟು ವರ್ಷದ ಮಗುವಿಗೆ ಕೊಡುವುದೆಂದರೆ, ಆ ಮಗುವಿಗೆ ಹನ್ನೆರಡಾಗುವುದರೊಳಗೆ ಒಂದು ಸಾವನ್ನೂ ಕೊಟ್ಟಂತೆಯೇ. ದಾವಣಗೆರೆಗೆ ಹೋದ ಎರಡರಲ್ಲಿ ದೊಡ್ಡದು ಮೂರು ವರ್ಷ ತುಂಬಿದ ಮೇಲೆ ಒಂದು ರಾತ್ರಿ ನಿದ್ದೆಯಲ್ಲಿಯೇ ತೀರಿಕೊಂಡಿತು. ಅತ್ತೆ ಅದನ್ನು ಹಿತ್ತಲಿನ ದಾಸವಾಳದ ಗಿಡದ ಬುಡದಲ್ಲಿ ಹೂಳಿ ಫೋನು ಮಾಡಿದರು. ನಾವು ಆ ದಿನ ಸಾಗರದಲ್ಲಿದ್ದೆವು. ಮೊಮ್ಮಗಳು ಕಣ್ಣೊರಸಿಕೊಂಡು, “ಅಜ್ಜ, ಅದೂ ಲಿಂಗೈಕ್ಯ ಆಯ್ತಾ?” ಎಂದು ಕೇಳಿದಳು.

ಶಾಸ್ತ್ರ ಓದಿದವರಿಗೆ ಇದು ಸುಲಭದ ಪ್ರಶ್ನೆಯಲ್ಲ. ಲಿಂಗೈಕ್ಯವೆಂಬುದು ಅರಿತು ಆಚರಿಸಿದವರ ಸಾಧನೆಗೆ ಸಂದ ಶಬ್ದ. ಅದನ್ನು ಸಡಿಲವಾಗಿ ಬಳಸುವ ಅಭ್ಯಾಸ ನಮಗಿಲ್ಲ. ಆದರೆ ಮಗು ಶಬ್ದಾರ್ಥವನ್ನು ಕೇಳುತ್ತಿರಲಿಲ್ಲ. “ಪುಟ್ಟಿ, ಆ ಮಾತು ಮನುಷ್ಯರಿಗೆ. ಆದರೆ ಅದಕ್ಕೆ ಜೀವ ಕೊಟ್ಟವನೂ ಶಿವನೇ. ಕೊಟ್ಟವನ ಹತ್ತಿರಕ್ಕಲ್ಲದೆ ಅದು ಬೇರೆಲ್ಲಿಗೆ ಹೋದೀತು?” ಎಂದೆವು. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖದಲ್ಲಿ ಬೇರೊಂದು ಚಿಂತೆ ಮೂಡಿತು. “ಹಾಗಾದ್ರೆ ಸಣ್ಣದು ಒಂಟಿ ಆಯ್ತಲ್ಲ. ಅತ್ತೆಗೆ ಹೇಳಬೇಕು, ಅದರ ಹತ್ತಿರ ದ್ಯಾಸ ಇಟ್ಟು ಕೂತ್ಕೊಳ್ಳಿ ಅಂತ” ಎಂದು ತಾನೇ ಫೋನು ತೆಗೆದುಕೊಂಡಳು. ಸತ್ತದ್ದಕ್ಕಾಗಿ ಅತ್ತವಳು ಅಷ್ಟಕ್ಕೇ ನಿಲ್ಲದೆ ಉಳಿದದ್ದರ ಕಡೆಗೆ ತಿರುಗಿದ್ದನ್ನು ಕಂಡು ನಮ್ಮ ಮನಸ್ಸು ತುಂಬಿ ಬಂದಿತು.

ತಂದೆತಾಯಿಗಳು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ತಮ್ಮನ್ನು ತಾವೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಜೀವಕ್ಕೆ ನಮ್ಮ ಊರಿನ ಗಾಳಿ ನೀರು ಒಪ್ಪುತ್ತದೆಯೆ? ಮಗು ಮರೆತ ದಿನ ನೀರಿಡಲು ನಾವು ಸಿದ್ಧರಿದ್ದೇವೆಯೆ? ಅದು ಕಾಯಿಲೆ ಬಿದ್ದಾಗ, ಸತ್ತಾಗ ಮಗುವಿಗೆ ನಿಜ ಹೇಳುವ ಧೈರ್ಯ ನಮಗಿದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ತರಬಹುದು. ಬಯಲುಸೀಮೆಯ ಒಣ ಊರುಗಳ ಬಂಧುಗಳು ಜರ್ಬಿಲ್ಲನ್ನೇ ತಂದು ಸುಖವಾಗಿ ಸಾಕಬಹುದು. ಒಂದಕ್ಕೆ ಇಲ್ಲವೆಂದು ಬಂದರೂ ಮಗುವನ್ನು ಹತ್ತಿರ ಕೂರಿಸಿಕೊಂಡು ಯಾಕೆ ಬೇಡವೆಂಬುದನ್ನು ತಿಳಿಸಿ ಹೇಳಬೇಕು. ಕಾರಣ ತಿಳಿದ ಮಗು ಹಟ ಬಿಡುತ್ತದೆ. ಬಿಡುವಾಗಲೇ ಆ ಕಾಣದ ಜೀವಕ್ಕೆ ಒಂದು ಉಪಕಾರವನ್ನೂ ಮಾಡಿರುತ್ತದೆ.